ಪಟಗಳ ಹಾಜರಿ

ಅಕ್ಕೋರು ತೀರಿಕೊಂಡ ವಾರದಲ್ಲೇ ಹಾನಗಲ್ಲಿನ ನಮ್ಮ ಶಿಕ್ಷಣ ಸಂಸ್ಥೆಯ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಚೇರ್ಮನ್ನರು ಮೈಕಿನ ಮುಂದೆ ನಿಂತು, ಕನ್ನಡಕ ತೆಗೆದು ಒರೆಸಿ, "ಅವರದು ಬಹಳ ಶಾಂತ ಸ್ವಭಾವ. ಒಮ್ಮೆಯೂ ಎದುರು ಮಾತಾಡಿದವರಲ್ಲ. ಸಂಸ್ಥೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದವರು" ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಬಳೆ ಅಂಗಡಿಯ ಶಾಂತವ್ವ ನನ್ನ ತೋಳು ತಿವಿದು, ಇಡೀ ಸಾಲಿಗೆ ಕೇಳುವಂತೆ ಪಿಸುಗುಟ್ಟಿದಳು: "ಮಾಸ್ತರ, ಇವರು ಯಾರ ಬಗ್ಗೆ ಮಾತಾಡಾಕತ್ತಾರ? ನಾವು ಬ್ಯಾರೆ ಸಭಾಕ್ಕ ಬಂದು ಕುಂತೇವೇನ?"

ಸತ್ತವರ ಬಗ್ಗೆ ಒಳ್ಳೆಯ ಮಾತಾಡಬೇಕು, ಒಪ್ಪಿದೆ. ಆದರೆ ಅಕ್ಕೋರನ್ನು ಶಾಂತ ಸ್ವಭಾವದವರು ಅನ್ನುವುದು ಒಳ್ಳೆಯ ಮಾತಲ್ಲ, ಬೈಗುಳ. ಅವರು ಎದುರು ಮಾತಾಡಿದ್ದಾರೆ. ಸಾಹೇಬರಿಗೆ ಆಡಿದ್ದಾರೆ, ಹಿರಿಯರಿಗೆ ಆಡಿದ್ದಾರೆ, ಇದೇ ಚೇರ್ಮನ್ನರಿಗೆ ನನ್ನ ಕಣ್ಣೆದುರಿಗೇ ಆಡಿದ್ದಾರೆ. ಎದ್ದು ನಿಂತು ಇದನ್ನು ಹೇಳಬೇಕು ಎನ್ನುವಷ್ಟರಲ್ಲಿ ವಂದನಾರ್ಪಣೆ ಮುಗಿದು ಚಹಾ ಬಂದುಬಿಟ್ಟಿತು. ಅಂದು ಗಂಟಲಲ್ಲಿ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ಇವರು ನಮ್ಮ ಹೈಸ್ಕೂಲಿನ ಚಿತ್ರಕಲೆಯ ಅಕ್ಕೋರು. ಊರು ಸವಣೂರು. ತಂದೆ ಮೊಹರಮ್ಮಿಗೆ ತಾಬೂತು ಕಟ್ಟುತ್ತಿದ್ದರಂತೆ, ಬಣ್ಣದ ಕಾಗದ ಕತ್ತರಿಸುವುದನ್ನು ಅವರ ಕೈ ನೋಡಿಯೇ ಕಲಿತದ್ದು. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಾನು ಅಲ್ಲೇ ಕನ್ನಡ ಮಾಸ್ತರ. ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ. ಅಕ್ಕೋರು ಅಂದರೆ ಮಾತ್ರ ಇಡೀ ಬಜಾರಿಗೆ ಅವರೊಬ್ಬರೇ.

ಪಟಗಳ ಕಥೆ ಅವರಿಗಿಂತ ಹಳೆಯದು. ನಮ್ಮ ಸಂಸ್ಥೆ ಕಟ್ಟಿದ ಸಾಹುಕಾರರಿಗೆ ನಾಟಕದ ಹುಚ್ಚಿತ್ತು. ಕಂಪನಿ ಕಟ್ಟಿದರು, ಮೆರೆದರು, ಮುಳುಗಿದರು. ಕಂಪನಿಯಲ್ಲಿ ಪರದೆ ಬರೆಯುತ್ತಿದ್ದ ಪೇಂಟರ್ ಒಬ್ಬ ಬಿಡುವು ಸಿಕ್ಕಾಗಲೆಲ್ಲ ತನ್ನ ಸುತ್ತಲಿನವರನ್ನೇ ಬರೆದಿಟ್ಟಿದ್ದ: ನಟಿಯರು, ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ, ಅಡುಗೆಯವ, ಹಾನಗಲ್ಲಿನ ಕೆರೆಯಲ್ಲಿ ಮೈ ತೊಳೆಯುತ್ತಿರುವ ಎಮ್ಮೆಗಳು. ಕಂಪನಿ ಹೋದ ಮೇಲೆ ಉಳಿದದ್ದು ಈ ಪಟಗಳಷ್ಟೇ. ಸಾಹುಕಾರರು ಅವನ್ನು ಸಂಸ್ಥೆಗೆ ಬರೆದುಕೊಟ್ಟು ಒಂದು ಷರತ್ತು ಹಾಕಿದರು. ಬೀಗ ಹಾಕಿ ಇಡಬಾರದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಜನ ಕುಳಿತೇಳುವ ಜಾಗದಲ್ಲಿ ತೂಗುಹಾಕಬೇಕು. ದವಾಖಾನೆ, ವಾಚನಾಲಯ, ಶಾಲೆ, ಕ್ಯಾಂಟೀನು.

ಷರತ್ತು ದೊಡ್ಡ ಮನಸ್ಸಿನದು. ಲೆಕ್ಕ ಇಡುವವರ ಪಾಲಿಗೆ ಮಾತ್ರ ದೊಡ್ಡ ತಲೆನೋವು. ಕೋಣೆಯಲ್ಲಿ ಕೂಡಿಹಾಕಿದ ಪಟ ಎಲ್ಲಿಗೂ ಹೋಗುವುದಿಲ್ಲ. ನಾಲ್ಕು ತಾಲೂಕಿಗೆ ಹಂಚಿದ ಪಟಕ್ಕೆ ಕಾಲು ಬರುತ್ತದೆ. ವಾಚನಾಲಯದ ಪಟ ಪಕ್ಕದ ಸೊಸೈಟಿಗೆ ಹೋಗುತ್ತದೆ, ಸೊಸೈಟಿಯಿಂದ ಕಾರ್ಯದರ್ಶಿಯ ಮನೆಗೆ, ಅಲ್ಲಿಂದ ಬೀಗರ ಮನೆಗೆ. ಒಂದು ಪಟವಂತೂ ನೆಲದೊಳಗೆ ಕಾಳು ತುಂಬುವ ಹಗೇವಿಗೆ ಮುಚ್ಚಳವಾಗಿತ್ತು. ಯಾರಿಗೂ ಬೇಡವಾದ ಈ ಜವಾಬ್ದಾರಿಯನ್ನು ಚಿತ್ರ ಅಂದರೆ ಚಿತ್ರಕಲೆಯವರು ಎಂದು ಅಕ್ಕೋರ ತಲೆಗೆ ಕಟ್ಟಿದರು.

ಅವರ ಕೈಗೆ ಕೊಟ್ಟ ಹಳೆಯ ಯಾದಿಯನ್ನು ಸ್ಟಾಫ್ ರೂಮಿನಲ್ಲಿ ಕುಳಿತು ನನಗೆ ಓದಿ ತೋರಿಸಿದರು. "ಚಿತ್ರ ಒಂದು. ಚಿತ್ರ ಒಂದು, ದೊಡ್ಡದು. ಸ್ತ್ರೀ. ಸ್ತ್ರೀ, ಇನ್ನೊಂದು." ಪುಸ್ತಕ ಮುಚ್ಚಿ, ಕನ್ನಡಕವನ್ನು ದಾರದ ಮೇಲೆ ಎದೆಗೆ ಬಿಟ್ಟುಕೊಂಡು ಹೇಳಿದರು: "ಇದು ಯಾದಿ ಅಲ್ರಿ ಮಾಸ್ತರ. ಕಳ್ಳರಿಗೆ ಕೊಟ್ಟ ಪರವಾನಗಿ. ಸ್ತ್ರೀ ಅಂತ ಬರದ್ರ ನಾಳೆ ಯಾವ ಸ್ತ್ರೀನ ತಂದು ಇಟ್ರೂ ನಾವು ಹೌದು ಅನಬೇಕಾಗ್ತೈತಿ."

ಹೊಸ ಯಾದಿ ಬರೆಯಲು ಕುಳಿತರು. ಒಂದೊಂದು ಪಟದ ಮುಂದೆ ಗಳಿಗೆಗಟ್ಟಲೆ ಕುಳಿತಿರುತ್ತಿದ್ದರು. ಬರೆದದ್ದನ್ನು ನನ್ನ ಮುಂದೆ ಓದಿ, "ನೀವು ಪಟಾ ನೋಡಿಲ್ಲ. ಕಣ್ಣು ಮುಚ್ಚರಿ. ಈಗ ಕಾಣ್ತೈತೇನು?" ಎಂದು ಕೇಳುತ್ತಿದ್ದರು. ಕಾಣುವುದಿಲ್ಲ ಅಂದರೆ ಹರಿದು ಮತ್ತೆ ಬರೆಯುವುದು. ನನ್ನ ವ್ಯಾಕರಣಕ್ಕೆ ಅಲ್ಲಿ ಬೆಲೆಯಿರಲಿಲ್ಲ, ಕಣ್ಣು ಮುಚ್ಚುವುದಷ್ಟೇ ನನ್ನ ಕೆಲಸ. 'ಸ್ತ್ರೀ' ಎಂದು ಇದ್ದದ್ದು ಕೊನೆಗೆ ಹೀಗಾಯಿತು: 'ಎಡಗೆನ್ನೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ನಗುತ್ತಿರುವಾಕೆ. ಬಲಗಿವಿಯ ಓಲೆಯ ಕೆಳಗೆ ಜೋಳದ ಕಾಳಿನಷ್ಟು ಬಣ್ಣ ಹೋಗಿದೆ. ಯಾರನ್ನು ನೋಡಿ ನಗುತ್ತಿದ್ದಾಳೆಂದು ತಿಳಿಯದು.'

"ಕೊನೀ ಮಾತು ಯಾದಿಗೆ ಯಾಕ ಬೇಕ್ರಿ?" ಎಂದೆ.

"ಅದನ್ನ ಓದಿದಾವ ಆಕೀನ ಮರಿಯೂದಿಲ್ಲ. ಅದಕ್ಕ ಬೇಕು" ಎಂದರು.

ಪಟ ನೋಡುವ ಮೊದಲು ಮೂಸುತ್ತಿದ್ದರು. ತಿರುಗಿಸಿ, ಬಟ್ಟೆಯ ಹಿಂಬದಿಗೆ ಮೂಗು ಹಚ್ಚಿ, "ಥಂಡಿ ಹಿಡದೈತಿ" ಅಥವಾ "ಚಲೋ ಐತಿ" ಅನ್ನುವರು. ಆಮೇಲೆ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ಹುಳ ಹತ್ತಿದೆಯೋ ಇಲ್ಲವೋ ಕೇಳಿಸಿಕೊಳ್ಳುವರು. ವೀಳ್ಯದೆಲೆಗೆ ಹೆಸರಾದ ಸವಣೂರಿನವರು, ಎಲೆ ಬಿಟ್ಟು ಇರುವವರಲ್ಲ; ಆದರೆ ಪಟ ಮುಟ್ಟುವ ದಿನ ಬಾಯಿ ತೊಳೆದುಕೊಂಡೇ ಬರುತ್ತಿದ್ದರು. ಅಂಥ ದಿನಗಳಲ್ಲಿ ಅವರ ಸಿಟ್ಟು ಮಧ್ಯಾಹ್ನದ ಹೊತ್ತಿಗೆ ಮೂಗಿನ ತುದಿಗೆ ಬಂದಿರುತ್ತಿತ್ತು. ನಾವೆಲ್ಲ ದೂರ ಇರುತ್ತಿದ್ದೆವು.

ಯಾದಿ ಚೆಂದವಾಯಿತು, ಆದರೆ ಪಟಗಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ನೋಡುವುದು ಹೇಗೆ? ಪತ್ರ ಬರೆದರೆ ಎಲ್ಲರೂ 'ಸುಸ್ಥಿತಿಯಲ್ಲಿದೆ' ಎಂದು ಉತ್ತರಿಸುತ್ತಿದ್ದರು, ಹಗೇವಿಗೆ ಮುಚ್ಚಿದವರೂ ಸಹ. ಅಕ್ಕೋರು ಒಂದು ಉಪಾಯ ಹೂಡಿದರು. ಮಹಾನವಮಿಯ ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆಯ ದಿನ, ನಮ್ಮಲ್ಲಿ ನೇಗಿಲು, ಕುಡುಗೋಲು, ತಕ್ಕಡಿ, ಹೊಲಿಗೆ ಯಂತ್ರ, ಟ್ರ್ಯಾಕ್ಟರು ಎಲ್ಲವೂ ಮೈ ತೊಳೆದುಕೊಂಡು ಪೂಜೆಗೆ ಕೂರುತ್ತವೆ. ಎರವಲು ಕೊಟ್ಟ ಗುದ್ದಲಿ ಕೂಡ ಅಂದು ಮನೆಗೆ ಬರಬೇಕು. ಪೂಜೆಗೆ ಬೇಕು ಅಂದರೆ ಇಲ್ಲ ಅನ್ನುವವರಿಲ್ಲ. ಪಟಗಳೂ ಪೂಜೆಗೆ ಬರಬೇಕೆಂದು ಅವರು ಎಲ್ಲ ಕಡೆ ಹೇಳಿಕಳಿಸಿದರು. ಸಂಸ್ಥೆಯ ಹಿರಿಯರೊಬ್ಬರು ಮುಖ ಸಿಂಡರಿಸಿದರು.

"ಅಲ್ಲ ಅಕ್ಕೋರ, ಖಂಡೇ ಪೂಜಿ ನಿಮಗ್ಯಾಕ ಬೇಕಿತ್ತು?"

"ಪೂಜಿ ನೀವು ಮಾಡ್ರಿ, ಎಣಿಕಿ ನಾ ಮಾಡ್ತೇನಿ" ಎಂದರು ಅಕ್ಕೋರು. "ದೇವರು ಒಲದ್ರ ಪುಣ್ಯಾ ನಿಮಗ. ಹುಳಾ ಹತ್ತಿದ್ರ ಜವಾಬ್ದಾರಿ ನಂದು. ಇದರಾಗ ನಿಮಗ ಲುಕ್ಸಾನ ಏನೈತಿ ಹೇಳ್ರಿ?"

ಹಾಗೆ ಶುರುವಾಯಿತು. ಮಹಾನವಮಿಗೆ ಮುಂಚಿನ ದಿನಗಳಲ್ಲಿ ಅಕ್ಕೋರು ಬಸ್ಸು ಹತ್ತಿ ಹೊರಡುವರು. ಪಟಗಳನ್ನು ಸುತ್ತಲು ತಾವೇ ಹೊಲಿದ ಕೌದಿಗಳು. ಹಿರೇಕೆರೂರಿನ ಒಂದು ಕಚೇರಿಯ ಸಾಹೇಬರು ಪಟ ಕೊಡುವುದಿಲ್ಲ ಎಂದು ಕೂತರು; ಅದರ ಹಿಂದೆ ಗೋಡೆಯ ಸುಣ್ಣ ಉದುರಿತ್ತು. ಅಕ್ಕೋರು ಕೈಚೀಲದಿಂದ ಒಂದು ದೊಡ್ಡ ಕ್ಯಾಲೆಂಡರು ತೆಗೆದು ಅದೇ ಮೊಳೆಗೆ ಸಿಗಿಸಿ, "ಗ್ವಾಡಿ ಮುಚ್ಚಾಕ ಇದು ಸಾಕ್ರಿ. ತಿಥಿ-ಮಿತಿ ಬ್ಯಾರೆ ಕಾಣ್ತೈತಿ" ಎಂದು ಪಟ ಬಗಲಿಗೆ ಹಾಕಿಕೊಂಡು ಬಂದರು. ನನ್ನೂರು ಚಿಕ್ಕೇರೂರಿನ ವಾಚನಾಲಯದಲ್ಲಿ ಎಮ್ಮೆಗಳ ಪಟ ಇತ್ತು. ಅಲ್ಲಿನವರು ಮಾತ್ರ ಹೇಳಿದ ದಿನಕ್ಕೆ ತಾವೇ ತಂದುಕೊಡುತ್ತಿದ್ದರು. ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಆಗಾಗ ಎತ್ತಿ ಆಡುತ್ತಿದ್ದೆ.

ನಗುತ್ತಿರುವಾಕೆಯ ಪಟ ಸವಣೂರಿನ ಒಂದು ಹೆರಿಗೆ ದವಾಖಾನೆಯಲ್ಲಿತ್ತು. ಅದನ್ನು ತರುವಾಗ ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರು ಕೌದಿಯ ಗಂಟು ನೋಡಿ, "ಲಗೇಜ್ ಹಿಂದ ಹಾಕ್ರಿ" ಎಂದ. ಅಕ್ಕೋರು, "ಲಗೇಜ್ ಅಲ್ಲಪಾ, ಫುಲ್ ಟಿಕೀಟ್ ಕೊಡು, ಆಕಿ ಕುಂತು ಬರ್ತಾಳ" ಎಂದು ಕಿಟಕಿಯ ಪಕ್ಕದ ಸೀಟಿನಲ್ಲಿ ಪಟವನ್ನು ಕೂರಿಸಿ, ಉಸಿರಾಡಲಿ ಎನ್ನುವಂತೆ ಕೌದಿಯ ಮುಸುಕು ಸರಿಸಿದರು. ಮುಂದಿನ ಸೀಟಿನ ಮುದುಕಿ ಹಿಂದೆ ತಿರುಗಿ ನೋಡಿ ಬೆಚ್ಚಿದಳು. "ಯವ್ವಾ, ಎಲಿ ಹಾಕ್ಕೊಂಡಾಕಿ ಈಕಿ ಯಾರ?" ಅಂದಿನಿಂದ ಆ ಪಟಕ್ಕೆ ಎಲಿ ಹಾಕ್ಕೊಂಡಾಕಿ ಎಂದೇ ಹೆಸರು ನಿಂತಿತು. ದವಾಖಾನೆಯಲ್ಲಿ ಬ್ಯಾನಿ ತಿನ್ನುತ್ತ ಕುಳಿತ ಹೆಣ್ಣುಮಕ್ಕಳು ಆಕೆಯನ್ನು ನೋಡಿ ಬೈಯುತ್ತಿದ್ದರಂತೆ: "ನಗು, ನಗು. ನಿನಗೇನ ಆಗಬೇಕೈತಿ!" ಬೈದು ತಾವೂ ನಗುತ್ತಿದ್ದರು ಎಂದು ಅಲ್ಲಿನ ನರ್ಸ್‌ಬಾಯಿ ಹೇಳುತ್ತಿದ್ದಳು.

ಹಿರೇಬೆಂಡಿಗೇರಿಯದು ಬೇರೆಯೇ ಫಜೀತಿ. ಅಲ್ಲಿನ ಶಾಲೆಯಲ್ಲಿ ಪೇಟಿ ಮಾಸ್ತರನ ಪಟ ಹಾಕಿದ್ದೆವು. ಬಿಳಿ ಗಡ್ಡ, ಅರೆಗಣ್ಣು. ಪೇಟಿ ಚೌಕಟ್ಟಿನ ಹೊರಗೆ ಉಳಿದು, ಕೈ ಮಾತ್ರ ತುಸು ಎತ್ತಿದಂತೆ ಕಾಣುತ್ತಿತ್ತು. ಊರವರಿಗೆ ಅದು ಆಶೀರ್ವಾದದ ಕೈ. ಆ ವರ್ಷ ಮಳೆಯೂ ಚೆನ್ನಾಗಿ ಆಯಿತು. ಅಕ್ಕೋರು ಹೋಗಿ ನೋಡುವಷ್ಟರಲ್ಲಿ ಮಾಸ್ತರ ಅಜ್ಜನಾಗಿದ್ದರು, ಅಂದರೆ ಮಠದ ಸ್ವಾಮಿಗಳು. ಹಣೆಯ ತುಂಬ ವಿಭೂತಿ, ಅದೂ ನೇರ ಬಣ್ಣದ ಮೇಲೆ. ಅಕ್ಕೋರು ಯಾರನ್ನೂ ಕೇಳದೆ ಕುರ್ಚಿ ಹಾಕಿಕೊಂಡು ಹತ್ತಿ, ಅರಳೆಯಿಂದ ಒರೆಸತೊಡಗಿದರು. ಊರ ಹಿರೀಕರೊಬ್ಬರು ಓಡಿ ಬಂದರು.

"ಅಕ್ಕೋರ, ಅಜ್ಜಾರ ವಿಭೂತಿ ಅಳಿಸಾಕತ್ತೀರಲ್ಲ!"

"ಅಜ್ಜಾರಲ್ರಿ. ಕಂಪನ್ಯಾಗ ಪೇಟಿ ಬಾರಸ್ತಿದ್ದ ಮಾಸ್ತರು ಇವರು."

"ಬಾರಿಸಿದ್ರ ಬಾರಿಸಲಿ. ನಮ್ಮೂರಿಗೆ ಬಂದ ಮ್ಯಾಲ ಮಳಿ ತಂದಾರ. ಪಟಾ ಅಂತೂ ಕೊಡೂದಿಲ್ಲ."

ನಾನಾಗಿದ್ದರೆ ವಾದ ಮಾಡುತ್ತಿದ್ದೆ. ಅಕ್ಕೋರು ಕುರ್ಚಿಯಿಂದ ಇಳಿದು, ಹಿರೀಕರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮ್ಮ ಅಜ್ಜಾರನ್ನ ನಾ ಒಯ್ಯೂದಿಲ್ಲ. ಆದ್ರ ಖಂಡೇ ಪೂಜಿಗೆ ನೀವ ಕರ್ಕೊಂಡ ಬರಬೇಕು. ಮುಂದ ಗಾಜು ಹಾಕಸ್ತೇನಿ. ವಿಭೂತಿ ಗಾಜಿಗೆ ಹಚ್ಚರಿ, ಬಣ್ಣಕ್ಕ ಹಚ್ಚಿದ್ರ ನೋಡ್ರಿ ಮತ್ತ, ಅಜ್ಜಾರ ಗಡ್ಡಾ ಉದುರಿ ಹೋಗ್ತೈತಿ" ಎಂದರು. ಹಿರೀಕರು ಒಪ್ಪಿದರು. ಆ ವರ್ಷದಿಂದ ಹಿರೇಬೆಂಡಿಗೇರಿಯವರು ಪೇಟಿ ಅಜ್ಜನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು, ಭಜನೆ ಮಾಡುತ್ತ ಹಾನಗಲ್ಲಿಗೆ ಬರತೊಡಗಿದರು. ಯಾದಿಯಲ್ಲಿ ಅಕ್ಕೋರು ಒಂದು ಸಾಲು ಸೇರಿಸಿದರು: 'ಪೂಜೆಯಲ್ಲಿದ್ದಾರೆ. ಮಳೆ ತರುತ್ತಾರೆಂದು ಪ್ರತೀತಿ.'

ಪೂಜೆಯ ದಿನ ಸಂಸ್ಥೆಯ ಅಂಗಳದಲ್ಲಿ ಜಮಖಾನೆ ಹಾಸಿ, ಗೋಡೆಗೆ ಆನಿಸಿ ಪಟಗಳ ಸಾಲು ನಿಲ್ಲಿಸುತ್ತಿದ್ದೆವು. ಮಂಗಳಾರತಿ ಆಗುತ್ತಲೇ ಅಕ್ಕೋರು ಪುಸ್ತಕ ಬಿಚ್ಚುವರು. ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದ ಗಂಟಲು. ಪಟದ ಹೆಸರು ಕೂಗಿ, ಬರೆದದ್ದನ್ನು ಪೂರ್ತಿ ಓದಿ, ತಲೆ ಎತ್ತಿ ನೋಡುವರು. ಮೊದಲ ವರ್ಷ ಬಜಾರಿನ ಯಾರೋ ಚೇಷ್ಟೆಗೆಂದು "ಐತ್ರಿ!" ಎಂದು ಕೂಗಿದರು. ಅಕ್ಕೋರು ನಗಲಿಲ್ಲ. "ಯಾರು ನೋಡಿ ಹೇಳಿದ್ರಿ? ಮುಂದ ಬರ್ರಿ. ಓಲೆಯ ಕೆಳಗ ಬಣ್ಣಾ ಹೋಗಿದ್ದು ಎಲ್ಲೈತಿ, ತೋರಸ್ರಿ" ಎಂದರು. ಕೂಗಿದವ ಬಂದು ತೋರಿಸಬೇಕಾಯಿತು. ಮರುವರ್ಷದಿಂದ ಅದು ಆಟವಾಯಿತು, ಆಮೇಲೆ ಪದ್ಧತಿಯಾಯಿತು. ಎಮ್ಮೆಗಳು ಅಂದರೆ "ಅದಾವ!" ಪೇಟಿ ಅಜ್ಜ ಅಂದರೆ ಹಿರೇಬೆಂಡಿಗೇರಿಯವರು ಟೋಪಿ ತೆಗೆದು "ಅದಾರ!" ಎಲಿ ಹಾಕ್ಕೊಂಡಾಕಿ ಅಂದರೆ ಹೆಂಗಸರೆಲ್ಲ ಸೇರಿ "ಅದಾಳ!" ಬಳೆ ಅಂಗಡಿ, ಚಹಾದಂಗಡಿ, ತರಕಾರಿ ಬುಟ್ಟಿ ಎಲ್ಲ ಬಿಟ್ಟು ಜನ ಬರುತ್ತಿದ್ದರು. ಅಲ್ಲಿ ನಿಂತು ಕೂಗಿದವರಲ್ಲಿ ನಾನೂ ಒಬ್ಬ, ಮತ್ತು ನನಗೆ ಅಷ್ಟು ಖುಷಿ ಕೊಟ್ಟ ಹಬ್ಬ ಇನ್ನೊಂದಿಲ್ಲ.

ಈಗ ಚೇರ್ಮನ್ನರ ವಿಷಯ. ಇವರು ಬಂದು ಬಹಳ ಕಾಲವಾಗಿಲ್ಲ. ಊರ ಹೊರಗೆ ಹೊಸ ಬಂಗಲೆ ಕಟ್ಟಿಸಿದರು. ಅದರ ಹಾಲಿನ ಗೋಡೆ ದೊಡ್ಡದು, ಖಾಲಿ ಕಾಣುತ್ತಿತ್ತಂತೆ. ಅಕ್ಕೋರ ನಿವೃತ್ತಿಗೆ ಕೆಲವೇ ದಿನ ಇದ್ದಾಗ ಅವರನ್ನು ಆಫೀಸಿಗೆ ಕರೆಸಿದರು. ಸಂಸ್ಥೆಯ ಪತ್ರಗಳ ಕನ್ನಡ ತಿದ್ದುವುದು ನನ್ನ ಪಾಲಿನ ಕೆಲಸವಾದ್ದರಿಂದ ನಾನೂ ಅಲ್ಲೇ ಇದ್ದೆ. ಮೇಜಿನ ಮೇಲೊಂದು ಕಾಗದ: ಈ ಕೆಳಗಿನ ಚಿತ್ರಗಳು ಸಂಪೂರ್ಣ ಹಾಳಾಗಿದ್ದು ಯಾದಿಯಿಂದ ತೆಗೆದುಹಾಕಬಹುದು. ಮೊದಲ ಹೆಸರೇ ಎಲಿ ಹಾಕ್ಕೊಂಡಾಕಿಯದು. ಕೆಳಗೆ ಅಕ್ಕೋರ ಸಹಿಗೆ ಜಾಗ ಬಿಟ್ಟಿತ್ತು.

"ಹಾಳಾಗಿದ್ದು ಯಾರು ನೋಡ್ಯಾರ್ರಿ?" ಎಂದರು ಅಕ್ಕೋರು.

"ನೀವ ನೋಡೀರಿ ಅಂತ ಬರದೈತಲ್ಲ."

"ನಾ ಇವತ್ತು ಮುಂಜಾನಿ ಬಸ್ಸಿಗೆ ಬರೂ ಮುಂದ ದವಾಖಾನಿಗೆ ಹೋಗಿ ನೋಡಿಕೊಂಡ ಬಂದೇನಿ. ಚಲೋ ನಗಾಕತ್ತಿದ್ಲು."

ಚೇರ್ಮನ್ನರು ದನಿ ಮೆತ್ತಗೆ ಮಾಡಿದರು. "ಅಕ್ಕೋರ, ಹೋಗೂ ಹೊತ್ತಿನ್ಯಾಗ ಯಾಕ ಹಟಾ ಮಾಡ್ತೀರಿ? ಒಂದು ಸಹಿ. ಛಂದಗೆ ಬೀಳ್ಕೊಡುಗಿ ಮಾಡ್ತೇವಿ, ಶಾಲು ಹೊದಸ್ತೇವಿ, ನಾಕು ಮಂದಿ ನಿಮ್ಮ ಬಗ್ಗೆ ಚಲೋ ಮಾತಾಡ್ತಾರ."

"ಶಾಲು ಬ್ಯಾಡ್ರಿ. ನಮ್ಮ ಮನ್ಯಾಗ ಕೌದಿ ಅದಾವ."

ಹಾಗೆಂದವರು ಕಾಗದವನ್ನು ಮಗುಚಿ ಹಾಕಿದರು. ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಎಲ್ಲ ಪಟಗಳೂ ಚೆನ್ನಾಗಿವೆ' ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ, ಚೇರ್ಮನ್ನರ ಕಡೆ ಸರಿಸಿದರು. "ಸಹಿ ಬೇಕಂದ್ರಲ್ಲ, ಮಾಡೇನಿ ನೋಡ್ರಿ." ಹೊರಗೆ ಬಂದ ಮೇಲೆ ಕೈಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚಿದರು. ಈ ಹೆಣ್ಣುಮಗಳ ಬಗ್ಗೆ ಒಮ್ಮೆಯೂ ಎದುರು ಮಾತಾಡಿದವರಲ್ಲ ಎಂದು ಮೈಕಿನಲ್ಲಿ ಹೇಳಿದರೆ ನನಗೆ ಮೈ ಉರಿಯುವುದಿಲ್ಲವೇ?

ಬೀಳ್ಕೊಡುಗೆ ಆಗಲಿಲ್ಲ. ಕೊನೆಯ ದಿನ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ತರಿಸಿಕೊಂಡು ನಾವು ಕೆಲವರು ಕುಳಿತೆವು. ಶಾಂತವ್ವ ಬಂದು ಅಕ್ಕೋರ ಎರಡೂ ಕೈಗೆ ಹಸಿರು ಬಳೆ ಏರಿಸಿದಳು. ನಾವು ಅಲ್ಲಿದ್ದಾಗಲೇ ಆಫೀಸಿನವರು ಅಕ್ಕೋರ ಕಪಾಟು ತೆಗೆಸಿ ಯಾದಿಯ ಪುಸ್ತಕ ಒಯ್ದರು. ಲೆಕ್ಕ ತಪಾಸಣೆಗೆ ಬೇಕಂತೆ. ನಾನು ಎದ್ದು ಹೋಗಿ ಜಗಳವಾಡುವವನಿದ್ದೆ. ಅಕ್ಕೋರು ನನ್ನ ಅಂಗಿಯ ಚುಂಗು ಹಿಡಿದು ಕೂರಿಸಿದರು.

"ಒಯ್ಲಿ ಬಿಡ್ರಿ ಮಾಸ್ತರ."

"ಒಯ್ಲಿ ಬಿಡ್ರಿ ಅಂದ್ರ ಹೆಂಗ? ಇಷ್ಟು ವರ್ಷದ ಕೆಲಸಾ ಅದು! ಪುಸ್ತಕಾ ಹೋದ್ರ ನಾಳೆ ಯಾವ ಪಟಾ ಯಾರ ಮನಿಗೆ ಹೋದ್ರೂ ಕೇಳಾವರಿಲ್ಲ."

"ಭಜಿ ಆರಿ ಹೋಗ್ತಾವ, ತಿನ್ರಿ. ಖಂಡೇ ಪೂಜಿ ಬರಲಿ, ನೋಡೋಣು" ಎಂದರು. ನನಗೆ ಆಗ ಅವರ ಮೇಲೂ ಸಿಟ್ಟು ಬಂತು.

ಖಂಡೇ ಪೂಜೆಯ ತನಕ ಅವರು ಉಳಿಯಲಿಲ್ಲ. ಶ್ರಾವಣದಲ್ಲಿ ಜ್ವರ ಬಂತು, ಇಳಿಯಲಿಲ್ಲ. ಸವಣೂರಿನ ಅವರ ಮನೆಗೆ ಹೋದಾಗ ಅಂಗಳದ ಹಗ್ಗದ ಮೇಲೆ ಕೌದಿಗಳನ್ನು ಒಗೆದು ಹಾಕಿದ್ದರು. ಹಬ್ಬಕ್ಕೆ ಬೇಕೆಂದು ಅವರೇ ಒಗೆಸಿದ್ದಂತೆ. ನಾನು ಅಲ್ಲೇ ನಿಂತು ಅತ್ತೆ, ಕಂಡವರು ಕಾಣಲಿ ಎಂದು ಅತ್ತೆ. ಬರುವಾಗ ಅವರ ಅಕ್ಕ ಆ ಕೌದಿಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು.

ಆಮೇಲೆ ಆ ಸಭೆ, ಆ ಶಾಂತ ಸ್ವಭಾವ. ಸಭೆಯಾದ ಕೆಲ ದಿನಕ್ಕೆ ಎಲ್ಲ ಕಡೆ ಒಂದು ಸುತ್ತೋಲೆ ಹೋಯಿತು: ಯಾದಿಯ ಪುಸ್ತಕ ತಪಾಸಣೆಯಲ್ಲಿರುವುದರಿಂದ ಈ ವರ್ಷ ಪಟಗಳ ಪೂಜೆ ಇರುವುದಿಲ್ಲ. ಅದರ ಕನ್ನಡವನ್ನು ನಾನು ತಿದ್ದಲಿಲ್ಲ. ಮಹಾನವಮಿಯ ಬೆಳಿಗ್ಗೆ ಸಂಸ್ಥೆಯ ಗೇಟಿನ ಹೊರಗೆ ಟ್ರ್ಯಾಕ್ಟರು ಬಂದು ನಿಂತಿತು. ಪೇಟಿ ಅಜ್ಜ ಹೂಮಾಲೆ ಹಾಕಿಕೊಂಡು ಕುಳಿತಿದ್ದರು.

"ಸುತ್ತೋಲೆ ಮುಟ್ಟಲಿಲ್ಲೇನ್ರಿ?" ಎಂದು ಕೇಳಿದೆ.

"ಮುಟ್ಟಿತ್ರಿ. ಹಬ್ಬಾ ಇಲ್ಲ ಅಂತ ಯಾರರ ಕಾಗದಾ ಬರೀತಾರೇನ್ರಿ?" ಎಂದರು ಹಿರೀಕರು. ಅವರ ಹಿಂದೆ ಚಿಕ್ಕೇರೂರಿನವರು ಎಮ್ಮೆಗಳನ್ನು ಬಗಲಲ್ಲಿ ಹಿಡಿದುಕೊಂಡು ಬಸ್ಸಿಳಿದು ಬರುತ್ತಿದ್ದರು. ಗೇಟಿನ ಕೀಲಿ ಆ ವಾರ ನನ್ನ ಹತ್ತಿರ ಇತ್ತು. ತೆಗೆದೆ. ಕೌದಿ ಹಾಸಿದೆ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಚೇರ್ಮನ್ನರೂ ಓಡೋಡಿ ಬಂದರು. ಅಷ್ಟು ಜನರ ಎದುರು ಮಂಗಳಾರತಿ ನಿಲ್ಲಿಸುವ ಧೈರ್ಯ ಅವರಿಗಾಗಲಿಲ್ಲ, ಕೈ ಮುಗಿದು ನಿಂತರು.

ಆರತಿ ಮುಗಿಯಿತು. ಪುಸ್ತಕ ಬಿಚ್ಚುವ ಹೊತ್ತು. ಅಕ್ಕೋರು ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು, ಎಲ್ಲರೂ ಅಲ್ಲಿಗೇ ನೋಡುತ್ತಿದ್ದರು. ಚೇರ್ಮನ್ನರು, "ಪುಸ್ತಕಾ ಇಲ್ಲದ ಕಾರಣ..." ಎಂದು ಶುರು ಮಾಡಿದರು.

"ಕೆರಿಯೊಳಗಿನ ಎಮ್ಮಿ!" ಎಂದು ಚಿಕ್ಕೇರೂರಿನವನೊಬ್ಬ ಕೂಗಿದ. "ನಡುವಿನ ಎಮ್ಮಿಗೆ ಒಂದು ಕೋಡು ಮುರದೈತಿ!"

"ಅದಾವ!" ಎಂದಿತು ಅಂಗಳ.

ಹಿರೇಬೆಂಡಿಗೇರಿಯವರು ಬಿಟ್ಟಾರೆಯೇ? "ಪೇಟಿ ಅಜ್ಜಾರು! ಮಳಿ ತರತಾರಂತ ಪ್ರತೀತಿ!"

"ಅದಾರ!"

ಆಮೇಲೆ ಹಿಡಿಯಲಾಗಲಿಲ್ಲ. ಕ್ಯಾಂಟೀನಿನವ ತನ್ನ ಗೋಡೆಯ ಪಟ ಕೂಗಿದ, ವಾಚನಾಲಯದವರು ತಮ್ಮದು. ವರ್ಷವಿಡೀ ಯಾರ ಕಣ್ಣೆದುರು ಯಾವ ಪಟ ಇತ್ತೋ ಅವರ ಬಾಯಿಂದ ಆ ಪಟದ ಹೆಸರು, ಅದರ ಗಾಯ, ಅದರ ಬಿರುಕು ಅಕ್ಕೋರ ಮಾತಿನಲ್ಲೇ ಬಂತು. ಅಕ್ಕೋರು ನನ್ನ ಅಂಗಿಯ ಚುಂಗು ಯಾಕೆ ಜಗ್ಗಿದರು ಎನ್ನುವುದು ನನಗೆ ಆಗ ತಿಳಿಯಿತು.

ಕೊನೆಗೆ ಸವಣೂರಿನ ನರ್ಸ್‌ಬಾಯಿ ಮುಂದೆ ಬಂದಳು. "ಎಲಿ ಹಾಕ್ಕೊಂಡಾಕಿ!"

ಹೆಂಗಸರು ಬಾಯಿ ತೆರೆದವರು ಹಾಗೇ ನಿಂತರು. ಸಾಲಿನಲ್ಲಿ ಆಕೆ ಇರಲಿಲ್ಲ.

"ರಿಪೇರಿಗೆ ಅಂತ ಆಫೀಸಿನ್ಯಾವ್ರು ಒಯ್ದಾರ್ರಿ, ಅಕ್ಕೋರು ಹೋದ ಮರುವಾರ" ಎಂದಳು ನರ್ಸ್‌ಬಾಯಿ. "ಬ್ಯಾನಿ ತಿನ್ನೋ ಹೆಣ್ಮಕ್ಕಳು ಖಾಲಿ ಗ್ವಾಡಿ ನೋಡಿ ಆಕಿ ಎಲ್ಲಿ ಅಂತ ಕೇಳ್ತಾರ. ನಾ ಏನ್ ಹೇಳ್ಲಿ?"

"ಹೌದು, ರಿಪೇರಿಗೆ ಹೋಗೇತಿ" ಎಂದರು ಚೇರ್ಮನ್ನರು.

"ಏನಾಗೇತ್ರಿ ಆಕೀಗೆ? ಹಲ್ಲು ನೋವೇನು?" ಕೇಳಿದ್ದು ಶಾಂತವ್ವ. ಬಳೆ ಇಡುವವಳಿಗೆ ಯಾರ ಮನೆಯ ಒಳಕೋಣೆಯೂ ಮುಚ್ಚಿರುವುದಿಲ್ಲ. ಚೇರ್ಮನ್ನರ ಬಸುರಿ ಮಗಳ ಕುಬಸಕ್ಕೆ ಬಳೆ ಇಡಲು ಆಕೆ ಮೊನ್ನೆಯಷ್ಟೇ ಹೊಸ ಬಂಗಲೆಗೆ ಹೋಗಿ ಬಂದಿದ್ದಳು. ಆದರೂ ಅಲ್ಲಿ ಕಂಡದ್ದನ್ನು ಆಕೆ ಅಂಗಳದಲ್ಲಿ ಹೇಳಲಿಲ್ಲ. "ಆತು ಬಿಡ್ರಿ. ನಾಳೆ ಬನ್ನಿ ಕೊಡಾಕ ನಿಮ್ಮ ಮನಿಗೆ ಬರ್ತೇವಿ. ಎಲ್ಲಾರೂ ಬರ್ತೇವಿ" ಎಂದಳು.

ದಶಮಿಯ ಸಂಜೆ ಬನ್ನಿ ಹಿಡಿದು ಬಂದವರಿಗೆ ಬಾಗಿಲು ಹಾಕುವ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ನಾವು ಹೋದೆವು. ಬಳೆ ಅಂಗಡಿ, ಕ್ಯಾಂಟೀನು, ಭಜನೆಯವರು, ರಾತ್ರಿ ಹಾನಗಲ್ಲಿನಲ್ಲೇ ಉಳಿದುಕೊಂಡಿದ್ದ ನರ್ಸ್‌ಬಾಯಿ, ನಾನು. ಚೇರ್ಮನ್ನರು ಬಾಗಿಲಲ್ಲೇ ನಿಂತು ಬನ್ನಿ ತೆಗೆದುಕೊಂಡರು. "ಬಂಗಾರದ್ಹಂಗ ಇರೂಣು" ಎಂದು ನಾವು, "ಇರೂಣು" ಎಂದು ಅವರು. ಒಬ್ಬರ ಹಿಂದೊಬ್ಬರು ಕೈ ಮುಗಿಯುತ್ತ ಒಳಗೆ ಬಂದೆವು. ಸೋಫಾದ ಮೇಲಿನ ಗೋಡೆಯಲ್ಲಿ, ಹೊಸ ಬಂಗಾರಬಣ್ಣದ ಚೌಕಟ್ಟಿನೊಳಗೆ, ಆಕೆ ನಗುತ್ತಿದ್ದಳು.

"ಇದು ಬ್ಯಾರೆ ಪಟಾ" ಎಂದರು ಚೇರ್ಮನ್ನರು. "ಹುಬ್ಬಳ್ಳಿಯಿಂದ ತಂದದ್ದು."

ನರ್ಸ್‌ಬಾಯಿ ಪಟದ ಮುಂದೆ ನಿಂತು, ಬಾಯಿಪಾಠ ಒಪ್ಪಿಸುವಂತೆ ಹೇಳಿದಳು: "ಎಡಗೆನ್ನೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ನಗುತ್ತಿರುವಾಕೆ." ಕ್ಯಾಂಟೀನಿನವ ಮುಂದುವರಿಸಿದ: "ಬಲಗಿವಿಯ ಓಲೆಯ ಕೆಳಗೆ ಜೋಳದ ಕಾಳಿನಷ್ಟು ಬಣ್ಣ ಹೋಗಿದೆ." ಎಲ್ಲರ ಕಣ್ಣೂ ಓಲೆಗೆ ಹೋದವು. ಚೇರ್ಮನ್ನರದೂ ಹೋಯಿತು. ಜೋಳದ ಕಾಳು ಅಲ್ಲೇ ಇತ್ತು. ಉಳಿದದ್ದನ್ನು ಇಡೀ ಹಾಲು ಒಟ್ಟಿಗೆ ಹೇಳಿತು: "ಯಾರನ್ನು ನೋಡಿ ನಗುತ್ತಿದ್ದಾಳೆಂದು ತಿಳಿಯದು."

"ಈಗ ತಿಳೀತು" ಎಂದಳು ಶಾಂತವ್ವ.

ಚೇರ್ಮನ್ನರ ಮನೆಯವರೇ ಮೊದಲು ನಕ್ಕುಬಿಟ್ಟರು. ಚೇರ್ಮನ್ನರು, "ಒಯ್ರಿ, ಒಯ್ರಿ. ಜ್ವಾಕಿ ಇರಲಿ ಅಂತ ಇಟ್ಟಿದ್ದೆ" ಎಂದು ಗೋಡೆಯ ಕಡೆ ಕೈ ಮಾಡಿದರು. ನಾನು ಚಪ್ಪಲಿ ಬಿಟ್ಟೇ ಸೋಫಾದ ಮೇಲೆ ಹತ್ತಿ ಪಟ ಇಳಿಸಿದೆ. ಮೊದಲು ಹಿಂಬದಿಯನ್ನು ಮೂಸಿ ನೋಡಿದೆ. ಥಂಡಿ ಹಿಡಿದಿರಲಿಲ್ಲ. ಅಕ್ಕೋರ ಕೌದಿಯಲ್ಲಿ ಸುತ್ತಿಕೊಂಡು ಹೊರಬಿದ್ದೆವು.

ಅನುಮತಿ ಇಲ್ಲದೆ ಗೇಟು ತೆಗೆದದ್ದಕ್ಕೆ ನನಗೊಂದು ಮೆಮೊ ಬಂದಿದೆ. ಉತ್ತರ ಕೊಟ್ಟಿಲ್ಲ. ಇದನ್ನೇ ಉತ್ತರ ಎಂದು ತಿಳಿದುಕೊಂಡರೂ ನನ್ನ ತಕರಾರಿಲ್ಲ.

ಮರುದಿನ ಬೆಳಿಗ್ಗೆ ನರ್ಸ್‌ಬಾಯಿಯ ಜೊತೆ ಸವಣೂರಿನ ಬಸ್ಸು ಹತ್ತಿ, ಕಿಟಕಿಯ ಸೀಟಿನಲ್ಲಿ ಆಕೆಯನ್ನು ಕೂರಿಸಿ ಮುಸುಕು ಸರಿಸಿದೆ. ಅದೇ ಹಳೆಯ ಕಂಡಕ್ಟರು. "ಅಕ್ಕೋರು ಹೋದ್ರಂತಲ್ರಿ" ಎಂದ. ನಾನು ಅಕ್ಕೋರಂತೆ ನನಗೊಂದು, ಪಟಕ್ಕೊಂದು ಎರಡು ಫುಲ್ ಕೇಳಿದೆ.

"ಈಗ ಹೆಣ್ಮಕ್ಕಳಿಗೆ ಫ್ರೀ ಐತ್ರಿ ಮಾಸ್ತರ" ಎಂದ. ಆಮೇಲೆ ಪಟದ ಕಡೆ ನೋಡಿ, ಹುಬ್ಬೇರಿಸಿ, "ಆದ್ರ ಆಧಾರ್ ಕಾರ್ಡ್ ತೋರಸಬೇಕಾಗ್ತೈತಿ. ಈಕೀದು ಐತೇನು?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಸವಣೂರಿನ ಹೆಂಗಸೊಬ್ಬಳು, ಎಲೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡವಳು, ಗದರಿದಳು:

"ಆಕೀಗೆ ಯಾ ಕಾರ್ಡೋ ತಮ್ಮಾ? ಆಕಿ ನಮ್ಮಾಕಿ ಅದಾಳ. ರೈಟ್ ಹೇಳು."